ಕಾರಿಗೆ ಹಾಕಿದ ನೆಲ

ಜನವರಿ 7, 2008, ಸೋಮವಾರ

ಏಳೂಕಾಲಿನ ಬಸ್ಸು ಇವತ್ತೂ ತಪ್ಪಿತು. ಚಿಕ್ಕಬಳ್ಳಾಪುರದಿಂದ ಮೇಲೂರಿನ ಶಾಲೆಗೆ ಎರಡು ಬಸ್ಸು. ಮೊದಲನೆಯದು ತಪ್ಪಿದರೆ ಶಿಡ್ಲಘಟ್ಟದಲ್ಲಿ ನಿಂತೇ ಇರಬೇಕು. ಹೆಡ್‌ಮಿಸ್ ಗಡಿಯಾರ ನೋಡಿದರು, ಹಾಜರಿ ಪುಸ್ತಕ ನನ್ನ ಕಡೆ ತಳ್ಳಿದರು. ಗದರಿದ್ದರೇ ವಾಸಿಯಿತ್ತು.

ಆದರೂ ಇವತ್ತು ಸಂತೋಷದ ದಿನ. ಮನೆಗೆ ಅಂಟಿಕೊಂಡಿರುವ ಮಳಿಗೆ ಖಾಲಿಯಾಯಿತು. ಬಾಡಿಗೆಗಿದ್ದ ಮೋಟರ್ ರಿವೈಂಡಿಂಗ್‌ನವನು ಕೊನೆಗೂ ಸಾಮಾನು ಸಾಗಿಸಿದ. ನೆಲದ ತುಂಬ ಎಣ್ಣೆ, ತಾಮ್ರದ ತಂತಿಯ ಚೂರು, ಗೋಡೆಗೆ ಹಳೇ ಕ್ಯಾಲೆಂಡರ್. ಇರಲಿ. ಷಟರು ಎತ್ತಿದರೆ ನೇರ ಬೀದಿ. ಹಿಂದೆ ಸಣ್ಣ ಬಚ್ಚಲು, ಒಂದು ಕಿಟಕಿ. ಅಮ್ಮನಿಗೆ ಅಷ್ಟು ಸಾಕು.

ದಸರಾದಲ್ಲೇ ಇವರು ಹೇಳಿದ್ದರು — "ಅವ್ನು ಖಾಲಿ ಮಾಡ್ಲಿ, ಅತ್ತೇನ ಕರ್ಕೊಂಡ್ ಬಂದ್ಬಿಡು. ನಂಗೇನ್ ಭಾರ?" ನಾನು ಮರೆತಿಲ್ಲ. ಇವರು ಮರೆತಿರಬಹುದು ಎಂದು ಊಟಕ್ಕೆ ಬಡಿಸುವಾಗ ನೆನಪಿಸಿದೆ. "ಹ್ಞೂಂ ಹ್ಞೂಂ" ಎಂದರು. ಸಾರು ಚೆನ್ನಾಗಿದೆ ಎಂದರು. ಇವರಿಗೆ ಸಾರು ಚೆನ್ನಾಗಿದೆ ಎನ್ನಿಸುವುದು ವರ್ಷಕ್ಕೆ ಒಂದೆರಡು ಸಲ.

ಜನವರಿ 13, ಭಾನುವಾರ

ಚಿಂತಾಮಣಿಗೆ ಹೋಗಿದ್ದೆ, ತಮ್ಮನ ಮನೆಗೆ. ಎಳ್ಳುಬೆಲ್ಲದ ನೆಪ.

ಅಪ್ಪ ಹೋದ ಮೇಲೆ ಮಧುಕುಮಾರ ಹಳೇ ಮನೆ ಕೆಡವಿ ಮೂರಂತಸ್ತು ಕಟ್ಟಿಸಿದ. ಮೇಲಿನ ಎರಡು ಬಾಡಿಗೆಗೆ. ತಾನಿರುವ ಕಡೆ ಎರಡು ರೂಮು — ಒಂದು ಗಂಡಹೆಂಡಿರದು, ಇನ್ನೊಂದು ಮಕ್ಕಳದು. ಅಮ್ಮ ನಡುಮನೆಯಲ್ಲಿ. ಟಿವಿ ಆರುವವರೆಗೂ ಹಾಸಿಗೆ ಬಿಡಿಸುವಂತಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಸೀರಿಯಲ್ ಮುಗಿಯಲಿ ಎಂದು ಕುರ್ಚಿಯಲ್ಲಿ ತೂಕಡಿಸುತ್ತಾ ಕೂತಿರುತ್ತಾಳೆ. ಅವಳ ಟ್ರಂಕು ಮೆಟ್ಟಿಲ ಕೆಳಗೆ, ಚಪ್ಪಲಿಗಳ ಜೊತೆ. ಮಧು ಕೆಟ್ಟವನಲ್ಲ. ಅವನ ಹೆಂಡತಿ ಹರಿತಾನೂ ಕೆಟ್ಟವಳಲ್ಲ, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆ. ಜಾಗ ಮಾತ್ರ ಇಲ್ಲ. ಮೂರಂತಸ್ತಿನಲ್ಲಿ ಒಂದು ಚಾಪೆಯಷ್ಟು ಜಾಗ ಇಲ್ಲ.

ಅಮ್ಮನನ್ನು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ. ಅಮ್ಮ ತಲೆ ಅಲ್ಲಾಡಿಸಿದಳು.

"ಅಳಿಯಂದ್ರ ಹೊಸ್ತಿಲೊಳಗೆ ನಾನು ಇರಂಗಿಲ್ಲ ಕಣಮ್ಮ. ನೆಂಟ್ರಂಗೆ ನಾಕು ದಿನ ಬರ್ತೀನಿ, ಹೋಗ್ತೀನಿ. ಮಗಳ ಮನೇಲಿ ಪ್ರಾಣ ಬಿಟ್ಳು ಅಂತ ಅನ್ನಿಸ್ಕಳಲ್ಲ."

"ಹೊಸ್ತಿಲೇ ದಾಟೋದ್ ಬೇಡಮ್ಮ. ಅದಕ್ಕೆ ಬೇರೆ ಬಾಗ್ಲು. ನೀನೇ ಬೀಗ ಹಾಕ್ಕೊ, ನೀನೇ ಒಲೆ ಹಚ್ಕೊ."

"ಬ್ಯಾರೆ ಒಲೇನಾ?"

"ಬೇರೆ ಒಲೇನೇ."

"ನೆಲ ಎಂಗೈತೆ?"

"ಎಣ್ಣೆ ಕುಡ್ದದೆ. ಹೊಸದಾಗಿ ಮಾಡಿಸ್ತೀವಿ."

ಆಗ ನಕ್ಕಳು, ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು. "ಹಂಗಾದ್ರೆ ನೆಲ ಆದ್ಮೇಲೆ ಒಳ್ಳೇ ದಿನ ನೋಡ್ಕೊಂಡು ಬರ್ತೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಮಳಿಗೆಯಲ್ಲಿ ಮಂಚ ಯಾವ ಗೋಡೆಗೆ ಹಾಕುವುದು ಎಂದು ಯೋಚಿಸುತ್ತಾ ಬಂದೆ.

ಜನವರಿ 27, ಭಾನುವಾರ

ಕಾರು ಬಂತು.

ಇವರ ಫ್ಯಾಕ್ಟರಿಯ ಯಾರೋ ಮ್ಯಾನೇಜರು ವರ್ಗವಾಗಿ ಹೋಗುವಾಗ ಮಾರಿದ್ದು. ಬಿಳಿ ಬಣ್ಣ. ಗೌರಿಬಿದನೂರಿನಿಂದ ಇವರೇ ಓಡಿಸಿಕೊಂಡು ಬಂದರು. ನನಗೆ ಒಂದು ಮಾತಿಲ್ಲ. ಸರ್‌ಪ್ರೈಸ್ ಅಂತೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಎದುರುಮನೆ ವರಲಕ್ಷ್ಮಮ್ಮನವರು ಆರತಿ ಎತ್ತಿ... ನಾನೂ ನಿಂತು ನಕ್ಕೆ. ಎಲ್ಲ ಮುಗಿದ ಮೇಲೆ ಇವರು ಮಳಿಗೆಯ ಷಟರು ಎತ್ತಿ ಕಾರನ್ನು ಒಳಗೆ ಬಿಟ್ಟರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

"ರೀ, ಅದು ಅಮ್ಮಂಗೆ ಅಂತ..."

"ಬೀದೀಲಿ ನಿಲ್ಸಕ್ಕಾಗ್ತದೇನೇ? ಹುಡುಗ್ರು ಗೀರ್ ಹಾಕ್ತಾರೆ. ಅತ್ತೆಗೆ ಮೇಲೆ ಒಂದ್ ರೂಮ್ ಹಾಕ್ಸಣ."

"ಯಾವಾಗ?"

"ಹಾಕ್ಸಣ ಅಂದ್ನಲ್ಲ."

ಮೇಲಕ್ಕೆ ಹೋಗುವ ಮೆಟ್ಟಿಲು ಇರುವುದು ನಮ್ಮ ನಡುಮನೆಯೊಳಗೆ. ಅಮ್ಮನ ಮಂಡಿ ಮೆಟ್ಟಿಲು ಹತ್ತುವುದಿಲ್ಲ, ಅಮ್ಮ ನಮ್ಮ ನಡುಮನೆಯಲ್ಲಿ ಓಡಾಡಿಕೊಂಡು ಬದುಕುವವಳೂ ಅಲ್ಲ. ಇವರಿಗೆ ಎರಡೂ ಗೊತ್ತು. ಗೊತ್ತಿಲ್ಲದೆ ಮಾಡಿದ್ದರೆ ಜಗಳವಾಡಬಹುದಿತ್ತು. ಪಾತ್ರೆ ತೊಳೆದೆ. ಒಂದು ಲೋಟ ಸೊಟ್ಟಗಾಯಿತು.

ಫೆಬ್ರವರಿ 3, ಭಾನುವಾರ

ಈಗ ಕಾರಿಗೆ ನೆಲ ಸರಿಯಿಲ್ಲವಂತೆ. ಎಣ್ಣೆ ಜಿಡ್ಡು. ಅಲ್ಲಲ್ಲಿ ಸಿಮೆಂಟು ಎದ್ದಿದೆ, ಪುಡಿ ಹಾರಿ ಬಾನೆಟ್ ಮೇಲೆ ಕೂರುತ್ತದೆ. ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿಗೆ ಎಪಾಕ್ಸಿ ಎಂಬ ನೆಲದ ಬಣ್ಣ ಹಾಕಿದ್ದಾರಂತೆ. "ಮುಖ ಕಾಣ್ತದೆ ಕಣೇ ನೆಲದಲ್ಲಿ. ಏನ್ ಚೆಲ್ಲಿದ್ರೂ ಬಟ್ಟೇಲ್ ಒರ್ಸಿದ್ರೆ ಹೋಯ್ತು." ಆ ಕೆಲಸ ಮಾಡಿದ ಕಂಟ್ರಾಕ್ಟರನ ಹತ್ತಿರ ಉಳಿದ ಡಬ್ಬಗಳನ್ನು ತಂದು ನಡುಮನೆಯಲ್ಲಿ ಜೋಡಿಸಿದ್ದಾರೆ. ದೊಡ್ಡ ಡಬ್ಬ ಬಣ್ಣ, ಚಿಕ್ಕದು ಹಾರ್ಡ್‌ನರ್. ಎರಡನ್ನೂ ಕಲೆಸಿದರೆ ಮಾತ್ರ ಗಟ್ಟಿಯಾಗುವುದು. ಕಲೆಸಿದ ಮೇಲೆ ತಡಮಾಡಿದರೆ ಡಬ್ಬದಲ್ಲೇ ಕಲ್ಲಾಗುತ್ತದೆ. ಮೂರು ಹೊತ್ತು ಊಟಕ್ಕೂ ಇದೇ ಪಾಠ.

ಕಾರು ಸದ್ಯಕ್ಕೆ ಬೀದಿಯಲ್ಲಿ, ಬೇವಿನ ಮರದ ಕೆಳಗೆ. ನೆಲ ಒಣಗುವವರೆಗೆ ಹುಡುಗರು ಗೀರು ಹಾಕುವುದಿಲ್ಲ ಅಂತ ಕಾಣುತ್ತದೆ.

ಅಡಿಗೆಮನೆಯ ಕಡಪ ಕಲ್ಲು ಒಡೆದು ಎರಡು ವರ್ಷವಾಯಿತು. ಅದಕ್ಕೆ ಮೇಸ್ತ್ರಿ ಸಿಕ್ಕುವುದಿಲ್ಲ.

ಫೆಬ್ರವರಿ 6, ಬುಧವಾರ

ಅಮ್ಮ ಫೋನ್ ಮಾಡಿದ್ದಳು, ಮಧು ಮನೆಯಿಂದ. ಹಿಂದೆ ಟಿವಿ ಸದ್ದು. ಪಕ್ಕದಲ್ಲೇ ಹರಿತಾಳ ಬಳೆ ಸದ್ದು.

"ಏನಮ್ಮ ಜ್ಯೋತಿ, ನೆಲ ಮಾಡಿಸ್ತಾ ಇದೀರಂತೆ? ಅಳಿಯಂದ್ರೇ ಕೂತ್ಕೊಂಡು ಮಾಡ್ತಾವ್ರಂತೆ? ವರಲಕ್ಷ್ಮಮ್ಮನ ತಂಗಿ ಇಲ್ಲೇ ಸಂತೇಲಿ ಸಿಕ್ಕಿ ಹೇಳಿದ್ಲು. ಕಾರೂ ತಗೊಂಡ್ರಂತೆ, ಒಳ್ಳೇದಾಗ್ಲಿ."

"ಹೌದಮ್ಮ."

"ಗಾಜಿನಂಗೆ ಹೊಳೀತದಂತೆ?"

"ಹ್ಞೂಂ."

"ಅಯ್ಯೋ ದೇವುಡಾ, ಅಷ್ಟೆಲ್ಲ ಯಾಕ್ ಬೇಕಿತ್ತು ನಂಗೆ? ಸಗಣಿ ಸಾರಿಸಿದ್ರೂ ಸಾಕಾಗಿತ್ತು. ಅಳಿಯಂದ್ರು ದೊಡ್ಡ ಮನಸಿನೋರು ಬಿಡು."

ಬಾಯಿಗೆ ಬಂತು — ನಿನಗಲ್ಲಮ್ಮ, ಕಾರಿಗೆ. ಆದರೆ ಹರಿತಾ ಅಲ್ಲೇ ನಿಂತಿದ್ದಾಳೆ. ಅಮ್ಮ ಇಷ್ಟು ಗಟ್ಟಿಯಾಗಿ ಮಾತಾಡಿದ್ದೇ ಅವಳಿಗೆ ಕೇಳಿಸಲಿ ಎಂದು. ಸೊಸೆಯ ಎದುರಿಗೆ ಅಮ್ಮನ ಮುಖ ಬೀಳುವ ಹಾಗೆ ಹೇಗೆ ಹೇಳಲಿ? ಭಾನುವಾರ ಹೋಗಿ ಎದುರಿಗೇ ಹೇಳುತ್ತೇನೆ.

ಫೆಬ್ರವರಿ 10, ಭಾನುವಾರ

ಹೋಗಲಿಲ್ಲ. ಇವತ್ತು ಆಸಿಡ್.

ಮೊದಲು ಸೋಡಾ, ಸೋಪುಪುಡಿ ಹಾಕಿ ಎಣ್ಣೆ ಉಜ್ಜಿದ್ದಾಯಿತು. ಮೂಲೆಯ ಒಂದು ಕಲೆ ಹೋಗಲೇ ಇಲ್ಲ. ಆಮೇಲೆ ನೀರಿಗೆ ಆಸಿಡ್ ಬೆರೆಸಿ ಸುರಿದರು. ನೆಲ ಬುಸಬುಸ ನೊರೆ ಬಂತು. ಇವರಿಗೆ ಗಮ್‌ಬೂಟು, ಕೈಗವಸು, ಎಲ್ಲ ಫ್ಯಾಕ್ಟರಿಯದು. ನನಗೆ ಮುಖಕ್ಕೆ ಒಂದು ಒದ್ದೆ ಟವಲು. ತೊಟ್ಟಿಯಿಂದ ಬಕೆಟ್ ಬಕೆಟ್ ನೀರು ಹೊತ್ತು ತೊಳೆದೆವು. ಸಂಜೆಯವರೆಗೆ ಕೆಮ್ಮು.

ಇವರು ಶಿಳ್ಳೆ ಹಾಕುತ್ತಾ ಕೆಲಸ ಮಾಡಿದರು. ಮದುವೆಯಾದ ಹೊಸದರಲ್ಲಿ ಕೇಳಿದ ಶಿಳ್ಳೆ. ಎಲ್ಲಿತ್ತೋ ಇಷ್ಟು ವರ್ಷ.

ಫೆಬ್ರವರಿ 17, ಭಾನುವಾರ

ಬಣ್ಣ ಹಿಡಿಯಲೆಂದು ಮೊದಲು ಪ್ರೈಮರ್ ಹಚ್ಚಿದರು.

ಹೋಗಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಚಿಂತಾಮಣಿ ಬಸ್ಸು ನಿಂತಿತ್ತು, ಸೀಟೂ ಇತ್ತು. ಬದನೆಕಾಯಿ ತೆಗೆದುಕೊಂಡು ವಾಪಸ್ ಬಂದೆ. ಧೈರ್ಯವಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಸತ್ಯ ಹೇಳಿ ಎಂದು ಪಾಠ ಮಾಡುವವಳು.

ಫೆಬ್ರವರಿ 20, ಬುಧವಾರ

ಇವರು ರಜೆ ಹಾಕಿದರು. ಮಗನನ್ನು ತುಮಕೂರಿನ ಹಾಸ್ಟೆಲಿಗೆ ಬಿಡಲು ರಜೆ ಸಿಕ್ಕಿರಲಿಲ್ಲ. ಇವತ್ತು ಸಿಕ್ಕಿತು. ನನ್ನ ಕೈಯಲ್ಲೂ ಸಿ.ಎಲ್. ಹಾಕಿಸಿದರು, ಕಲೆಸಲು ಇನ್ನೊಂದು ಜೊತೆ ಕೈ ಬೇಕೆಂದು.

ದೊಡ್ಡ ಡಬ್ಬಕ್ಕೆ ಚಿಕ್ಕದನ್ನು ಸುರಿದು ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಮುದ್ದೆ ತಿರುಗಿಸಿದ ಕೈ ಎಂದು ನನಗೇ ಕೊಟ್ಟರು. ಒಲೆಯಿಲ್ಲದೆ ಡಬ್ಬ ತಾನೇ ಬಿಸಿಯಾಗುತ್ತದೆ. ಮೂಲೆಯಿಂದ ಶುರುಮಾಡಿ ರೋಲರ್ ಎಳೆಯುತ್ತಾ ಹಿಂದಕ್ಕೆ ಹಿಂದಕ್ಕೆ ಬಂದು ಷಟರಿನ ಹತ್ತಿರ ಮುಗಿಸಿದರು. ಬೂದು ಬಣ್ಣ. ಕೆರೆಯಲ್ಲಿ ನೀರು ಅಲುಗದೆ ನಿಂತ ಹಾಗೆ. ಸುಳ್ಳು ಬರೆಯಬಾರದು, ಚೆನ್ನಾಗಿದೆ. ಎಲ್ಲೂ ಒಂದು ಗುಳ್ಳೆಯಿಲ್ಲ, ಗೆರೆಯಿಲ್ಲ. ಇವರಿಗೆ ಇಷ್ಟು ಅಚ್ಚುಕಟ್ಟಾಗಿ ಮಾಡಲು ಬರುತ್ತದೆ ಎಂದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು.

"ಒಂದ್ ವಾರ ಏನೂ ಇಡಂಗಿಲ್ಲ. ಬಿಸಿ ತಾಗ್ಬಾರ್ದು, ನೀರ್ ನಿಲ್ಬಾರ್ದು. ಗಾಳಿ ಆಡ್ಬೇಕು." ಷಟರು ಅರ್ಧಕ್ಕೆ ಎತ್ತಿ ಅಡ್ಡ ಒಂದು ಬೆಂಚು ಇಟ್ಟರು, ನಾಯಿ ಬಾರದ ಹಾಗೆ.

ಭಾನುವಾರ ಖಂಡಿತ ಹೋಗಿ ಅಮ್ಮನಿಗೆ ಹೇಳುತ್ತೇನೆ.

ಫೆಬ್ರವರಿ 22, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಸಂಜೆ ಬಸ್ಸಿಳಿದು ಬೀದಿ ತಿರುಗಿದಾಗಲೇ ಹೊಗೆಯ ವಾಸನೆ. ಷಟರು ಪೂರ್ತಿ ಮೇಲಿದೆ. ಮೇಲೆ ಮಾವಿನೆಲೆಯ ತೋರಣ. ಮುಂದೆ ರಂಗೋಲಿ. ಒಳಗೆ, ಆ ಹೊಳೆಯುವ ನೆಲದ ಮೇಲೆ, ಟ್ರಂಕು. ಟ್ರಂಕಿನ ಮೇಲೆ ಅಮ್ಮ.

"ಬಂದ್ಯೇನಮ್ಮ? ಬಾ, ಬಾ. ಬಲಗಾಲಿಟ್ಟು ಬಾ."

ನೆಲ ಆಯಿತೆಂದು ವರಲಕ್ಷ್ಮಮ್ಮನ ತಂಗಿಯಿಂದ ಗೊತ್ತಾಯಿತಂತೆ. ಜೋಯಿಸರು ಇವತ್ತಿನ ದಿನ ಚೆನ್ನಾಗಿದೆ, ಇದು ತಪ್ಪಿದರೆ ಯುಗಾದಿ ಕಳೆಯಬೇಕು ಎಂದರಂತೆ. ಮೊದಲ ಬಸ್ಸಿಗೇ ಹೊರಟು ಬಂದಿದ್ದಾಳೆ, ರಾಹುಕಾಲ ಬರುವುದರೊಳಗೆ ಹಾಲು ಉಕ್ಕಿಸಬೇಕೆಂದು. "ಫೋನ್ ಮಾಡಿದ್ರೆ ನೀನು ಸ್ಕೂಲಿಗೆ ರಜ ಹಾಕ್ತಿದ್ದೆ. ಅದಕ್ಕೇ ಮಾಡ್ಲಿಲ್ಲ. ನಾನು ಗಂಡ ಇಲ್ದೋಳು, ನನ್ ಕೈ ಬೇಡ ಅಂತ ವರಲಕ್ಷ್ಮಮ್ಮನ್ನ ಕರ್ದೆ. ಪಾಪ ಇಟ್ಟಿಗೆ, ಗರಿ, ಎಲ್ಲಾ ಅವರೇ ತಂದ್ರು. ನೋಡು, ಪೂರ್ವಕ್ಕೇ ಉಕ್ತು!"

ಹೊಸ ಮನೆಗೆ ಹೋಗುವವರು ಮೊದಲು ಮಾಡುವುದೇ ಅದು. ಮೂರು ಇಟ್ಟಿಗೆ, ಒಂದು ಪಾತ್ರೆ ಹಾಲು. ಉಕ್ಕಿ ಚೆಲ್ಲಿದರೆ ಮನೆ ನಮ್ಮದು. ಇಟ್ಟಿಗೆಗಳ ನಡುವೆ ತೆಂಗಿನ ಗರಿಯ ಬೂದಿ. ಸುತ್ತ ನೆಲ ಕಪ್ಪಾಗಿ, ಗುಳ್ಳೆ ಎದ್ದು, ಒಡೆದು, ಮೊರದಷ್ಟು ಅಗಲ. ಉಕ್ಕಿದ ಹಾಲು ಷಟರಿನವರೆಗೂ ಹರಿದು ಬೆಳ್ಳಗೆ ಒಣಗಿತ್ತು.

ವರಲಕ್ಷ್ಮಮ್ಮ ಗೇಟಿನಲ್ಲೇ ನಿಂತು ನನ್ನ ಮುಖ ನೋಡಿದರು. "ಟ್ರಂಕು ಸಮೇತ ಬಂದಿದಾರೆ, ಕಾರೂ ಆಚೇನೇ ಐತೆ, ನೀವೇ ಕರೆಸಿದೀರ ಅಂದ್ಕೊಂಡೆ ಮಿಸ್ಸು..." ಅವರ ತಪ್ಪೇನಿದೆ?

ಅಮ್ಮ ಲೋಟದಲ್ಲಿ ಸಕ್ಕರೆ ಹಾಕಿದ ಹಾಲು ಕೊಟ್ಟಳು. ಆರಿ ಕೆನೆಗಟ್ಟಿತ್ತು. ಕುಡಿದೆ. ಹೇಳಲಿಲ್ಲ. ಆ ಮುಖ ನೋಡಿಕೊಂಡು ಯಾವ ಬಾಯಲ್ಲಿ ಹೇಳಲಿ? ನೆಲವನ್ನು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದಳು. "ಎಷ್ಟು ತಣ್ಣಗೈತೆ. ಇಲ್ಲೇ ಮಲಗ್ಬೋದು, ಚಾಪೇನೂ ಬ್ಯಾಡ. ಇಟ್ಟಿಗೆ ಕೆಳಗಿಂದು ಒಂಚೂರು ಕಪ್ಪಾಗೈತೆ, ನಾಳೆ ಉ‌ಜ್ಜಿದ್ರೆ ಹೋಗ್ತದೆ."

ಇವರು ಕತ್ತಲಾಗುವ ಹೊತ್ತಿಗೆ ಬಂದರು. ಬೀದಿಯಲ್ಲೇ ನಿಂತುಬಿಟ್ಟರು. ನೆಲ ನೋಡಿದರು. ಅಮ್ಮನನ್ನು ನೋಡಿದರು. ಅಮ್ಮ ಎದ್ದು ಸೆರಗು ಹೊದ್ದು ಗೋಡೆಗೆ ಸರಿದು ನಿಂತಳು. ಅಳಿಯನ ಎದುರು ಅವಳು ಇವತ್ತಿನವರೆಗೆ ಕೂತಿಲ್ಲ.

"ಯಾವಾಗ್ ಬಂದ್ರಿ ಅತ್ತೆ?"

"ಬೆಳಿಗ್ಗೇನೇ ಬಂದೆ. ಏನೋಪ್ಪ, ನನ್ನಂಥೋಳಿಗೆ ಇಂಥ ನೆಲ ಹಾಕ್ಸಿದ್ರಿ. ನಿಮ್ ಋಣ ಯಾವಾಗ್ ತೀರಿಸ್ತೀನೋ."

ಇವರು ಹಾಲಿನ ಲೋಟ ಇಸಿದುಕೊಂಡು ಕುಡಿದರು. ಅಷ್ಟು ಮಾನ ಉಳಿಸಿದರು, ಅದನ್ನೂ ಬರೆಯುತ್ತೇನೆ. ಆಮೇಲೆ ಅಡಿಗೆಮನೆಗೆ ಬಂದು ಬಾಗಿಲು ಹಾಕಿದರು.

"ಯಾರನ್ ಕೇಳಿ ಕರೆಸ್ದೆ?"

"ನಾನ್ ಕರೆಸ್ಲಿಲ್ಲ. ನಾವು ಮೊದ್ಲು ಹೇಳಿದ್ದೇ ನಂಬ್ಕೊಂಡು ಬಂದವ್ರೆ."

"ಷೆಡ್ಡು ಕಾರಿಗೆ ಅಂತ ಆಮೇಲೆ ಹೇಳ್ಲಿಲ್ವಾ?"

"ಇಲ್ಲ."

"ತಿಂಗ್ಳಾಯ್ತು ಕಣೇ!"

"ನೀವು ಕೊಟ್ಟ ಮಾತು. ನೀವೇ ಹೇಳ್ಬೇಕಿತ್ತು."

ಇವರು ನಕ್ಕರು. "ಹಂಗಾದ್ರೆ ನೆಲ ಸುಟ್ಟಿದ್ದು ನಿಮ್ಮಮ್ಮ ಅಲ್ಲ, ನೀನು. ಕಾರ್ ಷೆಡ್ಡಲ್ಲಿ ಒಲೆ ಹಚ್ಚೋರು ಎಲ್ಲಾದ್ರೂ ಇದಾರಾ? ಹದಿನೈದ್ ದಿನದ ಕೆಲ್ಸ ನಂದು."

ನಿಜವನ್ನೇ ಹೇಳಿದರು. ಇವರ ಬಾಯಲ್ಲಿ ನಿಜ ಕೇಳುವುದಕ್ಕಿಂತ ಕಷ್ಟದ್ದು ಬೇರೆ ಇಲ್ಲ.

ಅಡಿಗೆಮನೆಗೂ ಮಳಿಗೆಗೂ ಒಂದೇ ಗೋಡೆ. ಮೇಲೆ ಗವಾಕ್ಷಿ ಇದೆ. ಇಬ್ಬರಿಗೂ ನೆನಪಾಗಲಿಲ್ಲ. ನಾನು ತಟ್ಟೆ ಹಿಡಿದು ಹೋದಾಗ ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಊಟ ಬ್ಯಾಡ ಕಣಮ್ಮ. ಹಾಲು ಕುಡ್ದೆನಲ್ಲ."

ಎಲ್ಲ ಕೇಳಿಸಿಕೊಂಡಿದ್ದಾಳೆ. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಕೊನೆಗೆ ಒಳಗೆ ತಂದು ಮುಚ್ಚಿಟ್ಟೆ.

ಫೆಬ್ರವರಿ 23, ಶನಿವಾರ

ಬೆಳಗಿನ ಶಾಲೆ. ಹೋಗಬಾರದಿತ್ತು. ಇನ್‌ಸ್ಪೆಕ್ಷನ್ ಎಂದು ಹೋದೆ.

ಮಧ್ಯಾಹ್ನ ಬಂದಾಗ ಅಮ್ಮ ನೆಲದ ಮೇಲೆ ಮಂಡಿಯೂರಿ ಕೂತು ಉಜ್ಜುತ್ತಿದ್ದಳು. ಆ ಮಂಡಿಯಲ್ಲಿ. ತೆಂಗಿನ ನಾರು, ಸೀಮೆಎಣ್ಣೆ, ಎಣ್ಣೆ ಉಜ್ಜಿದಾಗ ಉಳಿದಿದ್ದ ಸೋಡಾ. ಇವರು ಕೆಲಸಕ್ಕೆ ಹೊರಟ ಕೂಡಲೇ ಶುರುಮಾಡಿದ್ದಾಳೆ. ಹಾಲಿನ ಗುರುತು ಹೋಗಿದೆ. ರಂಗೋಲಿ ತೊಳೆದಿದ್ದಾಳೆ. ತೋರಣ ಕಿತ್ತು ಹಸುವಿಗೆ ಹಾಕಿದ್ದಾಳೆ. ಸುಟ್ಟ ಜಾಗದಲ್ಲಿ ಬಣ್ಣವೆಲ್ಲ ಪದರ ಪದರವಾಗಿ ಎದ್ದು ಕೆಳಗಿನ ಹಳೇ ಸಿಮೆಂಟು ಕಾಣುತ್ತಿದೆ.

"ಬಿಡಮ್ಮ! ಸಾಕು, ಬಿಡು!"

"ಇನ್ನೊಂಚೂರು ಐತೆ. ಅಳಿಯಂದ್ರು ಬರೋಷ್ಟ್ರಲ್ಲಿ ಹೋಗ್ಬಿಟ್ರೆ ನಿನ್ನ ಏನೂ ಅನ್ನಲ್ಲ."

ನಾರು ಕಿತ್ತುಕೊಂಡೆ. ಅಂಗೈ ಎರಡೂ ಕೆಂಪಗೆ, ಬೆರಳ ಸಂದಿಯಲ್ಲಿ ಚರ್ಮ ಸುಲಿದು ನೀರು ಬರುತ್ತಿತ್ತು. ಬಕೆಟ್ಟಿನಲ್ಲಿ ಅದ್ದಿಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಅಳು ಬಂತು. ಅವಳು ಅಳಲಿಲ್ಲ.

"ಯಾಕಮ್ಮ ನಂಗೆ ಮೊದ್ಲೇ ಹೇಳ್ಲಿಲ್ಲ?"

ನಿನ್ನ ನಗು ನೋಡಿದ್ದೆ, ಕಳೆಯಲು ಮನಸ್ಸಾಗಲಿಲ್ಲ ಎಂದೆ.

"ಪೋನೀಲೇ" ಎಂದಳು. ಹೋಗಲಿ ಬಿಡು. ಅಷ್ಟೇ.

ಚಿಂತಾಮಣಿಗೆ ವಾಪಸ್ ಹೋಗುವುದಿಲ್ಲವಂತೆ. ಅಲ್ಲಿ ಹೊರಡುವಾಗ ಹರಿತಾಳ ಎದುರಿಗೆ, ನನಗೂ ಒಂದು ಮನೆಯಾಯಿತು ಎಂದು ಹೇಳಿ ಬಂದಿದ್ದಾಳೆ.

ಫೆಬ್ರವರಿ 24, ಭಾನುವಾರ

ಕೈವಾರದಲ್ಲಿ ಆಂಜಿನಮ್ಮ ಎಂದು ಅಮ್ಮನ ಬಾಲ್ಯದ ಗೆಳತಿ. ದೇವಸ್ಥಾನದ ಹತ್ತಿರ ಹಣ್ಣುಕಾಯಿ ಅಂಗಡಿ, ಹಿಂದೆ ಒಂದು ರೂಮು. ಒಬ್ಬಳೇ. ಅಲ್ಲಿಗೆ ಬಿಟ್ಟು ಬಂದೆ. ಕಾರಿನಲ್ಲಿ ಬಿಡುತ್ತೇನೆ ಎಂದರು ಇವರು. ಅಮ್ಮ ಬಸ್ಸೇ ಸಾಕು ಎಂದಳು.

ಮಾರ್ಚ್ 9, ಭಾನುವಾರ

ಬರೆಯಲು ಮನಸ್ಸಿರಲಿಲ್ಲ.

ಇವರು ಸುಟ್ಟ ಜಾಗಕ್ಕೆ ಉಳಿದ ಬಣ್ಣ ಕಲೆಸಿ ತೇಪೆ ಹಾಕಿದರು. ಈ ಸಲ ನಾನು ಕೋಲು ಹಿಡಿಯಲಿಲ್ಲ. ತೇಪೆ ಬೇರೆಯಾಗೇ ಕಾಣುತ್ತದೆ, ಎಷ್ಟು ಬಳಿದರೂ ಮೊರದಷ್ಟು ಜಾಗ ಒಂದು ಛಾಯೆ ಕಪ್ಪು. ಅದರ ಮೇಲೆ ಕಾರು ನಿಲ್ಲಿಸಿದ್ದಾರೆ. ಕಾಣುವುದಿಲ್ಲವಲ್ಲ ಎಂದರು.

ದಿನಾ ಬೆಳಿಗ್ಗೆ ಕಾರು ಆಚೆ ಹೋದ ಮೇಲೆ ನಾನು ಹೋಗಿ ನೋಡುತ್ತೇನೆ. ಯಾಕೋ ಗೊತ್ತಿಲ್ಲ.

ಮಾರ್ಚ್ 15, ಶನಿವಾರ

ಇವತ್ತು ಮಾಡಿಯೇಬಿಟ್ಟೆ.

ಇವರು ಕಾರು ತೆಗೆದುಕೊಂಡು ಡ್ಯೂಟಿಗೆ ಹೋಗಿದ್ದರು. ಶಾಲೆಯಿಂದ ಬಂದವಳೇ ವರಲಕ್ಷ್ಮಮ್ಮನವರನ್ನು ಕರೆದು, ಮಗನ ಮಂಚವನ್ನು ಇಬ್ಬರೂ ಹೊತ್ತು ಮಳಿಗೆಯ ನಡುವೆ ಹಾಕಿದೆವು. ಹಾಸಿಗೆ ಹಾಸಿದೆ. ನೀರಿನ ಬಿಂದಿಗೆ ಇಟ್ಟೆ. ನಾನೇ ಮಂಚದ ಮೇಲೆ ಕೂತೆ, ಕಾಂಪೊಸಿಷನ್ ಪುಸ್ತಕ ತಿದ್ದುತ್ತಾ.

ಸಂಜೆ ಕಾರು ಬಂತು. ಹಾರ್ನ್ ಹೊಡೆದರು. ಏಳಲಿಲ್ಲ.

"ಏಳೇ. ಒಳಗ್ ಹಾಕ್ಬೇಕು."

"ಹಾಕಿ. ಮಂಚದ ಮೇಲೆ ಹಾಕಿ."

"ಬೀದಿ ಜನ ನೋಡ್ತಾವ್ರೆ ಕಣೇ."

"ನೋಡ್ಲಿ. ನಿಮ್ಮತ್ತೆಗೆ ನೀವ್ ಕೊಟ್ಟ ಮಾತು, ನೋಡೋರು ಇದ್ರೆ ಒಳ್ಳೇದೇ."

ವರಲಕ್ಷ್ಮಮ್ಮ ತಮ್ಮ ಗೇಟಿನಲ್ಲಿ ದಾಸವಾಳ ಕೀಳುತ್ತಿದ್ದರು. ಸಂಜೆ ಯಾರು ದಾಸವಾಳ ಕೀಳುತ್ತಾರೆ? ಅವರ ಗಂಡನೂ ಬಂದು ನಿಂತರು. ಇವರ ಕಿವಿ ಕೆಂಪಾಯಿತು. ಕಾರು ಬೇವಿನ ಮರದ ಕೆಳಗೆ ಹೋಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಗೆದ್ದೆ. ಹೆದರಿಕೆಯೂ ಆಯಿತು, ಖುಷಿಯೂ ಆಯಿತು.

ಮಾರ್ಚ್ 19, ಬುಧವಾರ

ಮಾತಿಲ್ಲ. ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ತಿನ್ನುತ್ತಿದ್ದಾರೆ, ನನ್ನ ಎದುರಿಗೇ ಕೂತು. ನಾನು ಮಳಿಗೆಯಲ್ಲೇ ಮಲಗುತ್ತೇನೆ. ನೆಲ ನಿಜಕ್ಕೂ ತಣ್ಣಗಿದೆ.

ಮಾರ್ಚ್ 21, ಶುಕ್ರವಾರ

ಕಾರಿಗೆ ಟಾರ್ಪಾಲು ತಂದರು. ಅದನ್ನು ಕಟ್ಟುತ್ತಾ, ನನ್ನ ಕಡೆ ನೋಡದೆ —

"ಆಯ್ತು. ಕರ್ಕೊಂಡ್ ಬಾ ನಿಮ್ಮಮ್ಮನ್ನ. ಒಂದೇ ಮಾತು, ಸ್ಟವ್ವು ಕಲ್ಲಿನ್ ಮೇಲಿಡ್ಲಿ. ನೆಲಕ್ಕೆ ಬೆಂಕಿ ಬೇಡ."

ಆಗಲಿ ಎಂದೆ. ಈ ಭಾನುವಾರ ಬಸ್‌ಸ್ಟ್ಯಾಂಡಿನಿಂದ ವಾಪಸ್ ಬರುವುದಿಲ್ಲ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಕೈವಾರದಲ್ಲಿ ಜನವೋ ಜನ. ಅಮ್ಮ ಅಂಗಡಿಯ ಮೂಲೆಯಲ್ಲಿ ಕೂತು ಬಾಳೆಲೆ ತುಂಡಿನಲ್ಲಿ ಹೂವು ಕಟ್ಟಿಕೊಡುತ್ತಿದ್ದಳು. ಅಂಗೈಗೆ ಹೊಸ ಚರ್ಮ ಬಂದಿದೆ, ಎಳೆಯ ಮಗುವಿನದರಂತೆ ಕೆಂಪಗೆ. ಚಿಂತಾಮಣಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮುಖವಲ್ಲ. ಆದರೆ ರೂಮು ನೋಡಿದೆ. ತೆಂಗಿನಕಾಯಿ ಮೂಟೆಗಳ ನಡುವೆ ಇಬ್ಬರು ಒಂದೇ ಮಗ್ಗುಲಲ್ಲಿ ಮಲಗಬೇಕು. ಮಳೆಗಾಲಕ್ಕೆ ಆಂಜಿನಮ್ಮನ ಮಗಳು ಬಾಣಂತನಕ್ಕೆ ಬರುತ್ತಾಳಂತೆ. ಆಮೇಲೆ ಎಲ್ಲಿಗೆ?

ಎಲ್ಲ ಹೇಳಿದೆ. ಮಂಚ, ಹಾರ್ನು, ದಾಸವಾಳ. ಅಮ್ಮ ನಕ್ಕಳು, ಆಂಜಿನಮ್ಮನೂ ನಕ್ಕರು.

"ಹೊರಡಮ್ಮ. ಇವ್ರೇ ಕರ್ಕೊಂಡ್ ಬಾ ಅಂದವ್ರೆ. ಕಾರು ಆಚೆ ಹೋಯ್ತು. ಇನ್ ಅದು ನಿಂದೇ ಮನೆ."

ಕೈಯಲ್ಲಿದ್ದ ಹೂವು ಕಟ್ಟಿ ಮುಗಿಸಿದಳು. ಗಿರಾಕಿಗೆ ಕೊಟ್ಟಳು.

"ಅದು ಒಂದಿನ ಮನೆ ಆಗಿತ್ತು ಜ್ಯೋತಮ್ಮ. ಹಾಲು ಉಕ್ಕಿತ್ತಲ್ಲ, ಆವಾಗ. ಮಾರ್ನೇ ದಿನ ಆ ಹಾಲ್ನ ನಾನೇ ಉಜ್ಜಿ ಹಾಕ್ದೆ. ತೋರಣನೂ ನಾನೇ ಕಿತ್ತೆ. ನನ್ ಕೈಯಾರೆ."

"ಮತ್ತೆ ಉಕ್ಕಿಸಣ. ನಾನೇ ಉಕ್ಕಿಸ್ತೀನಿ."

"ಅಳಿಸಿದ್ ಮನೇಗೆ ಯಾರೂ ಎರಡ್ನೇ ಸಲ ಉಕ್ಕಿಸಲ್ಲ ಕಣಮ್ಮ. ನಂಗೆ ಆಗಲ್ಲ. ನೀನು ಹಟ ಮಾಡ್ಬೇಡ."

"ನನ್ ಸಲುವಾಗಿ ತಾನೇ ಉಜ್ಜಿದ್ದು?"

"ಹ್ಞೂಂ. ನಿನ್ ಸಲುವಾಗೇ. ಅದಕ್ಕೇನೀಗ?"

ಬೈದಿದ್ದರೆ ಸರಿಹೋಗುತ್ತಿತ್ತು. ಬೈಯಲಿಲ್ಲ. ಊಟ ಮಾಡಿಕೊಂಡು ಹೋಗು ಎಂದಳು. ಬಸ್ಸಿಗೆ ಹತ್ತಿಸಲು ಬಂದಳು, ಮಂಡಿ ಹಿಡಿದುಕೊಂಡು. ಕಾರು ಬಂದ ದಿನವೇ ನಾನು ಬಾಯಿ ಬಿಟ್ಟಿದ್ದರೆ ಅವಳಿಗೆ ಇವತ್ತು ಮನೆ ಇರುತ್ತಿತ್ತು. ಆವತ್ತೇ ಮಂಚ ಹಾಕಿ ಕೂರಬಹುದಿತ್ತು. ಕೂರಲು ಬರುತ್ತದೆ ಎಂದು ಗೊತ್ತಾಗಲು ಅವಳ ಕೈ ಸುಲಿಯಬೇಕಾಯಿತು.

ಅದೇ ದಿನ, ಸಂಜೆ

ಇವರು ಷಟರಿನ ಮುಂದೆ ಟೀ ಲೋಟ ಹಿಡಿದು ನಿಂತಿದ್ದರು.

"ಅತ್ತೆ ಎಲ್ಲಿ?"

"ಬರಲ್ವಂತೆ."

"ಛೆ" ಎಂದರು. "ಪಾಪ" ಎಂದರು. ಹೇಳುತ್ತಿರುವಾಗಲೇ ಕೈ ಜೇಬಿಗೆ ಹೋಗಿ ಕಾರಿನ ಕೀ ಹುಡುಕುತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಅವರಿಗೇ ಗೊತ್ತಿಲ್ಲ. ಅದನ್ನು ನೋಡಿದೆ.

"ಹಂಗಾದ್ರೆ ಮಂಚ ಆ ಕಡೆ ಹಿಡ್ಕೊ. ಒಳಗಿಟ್ಬಿಡಣ."

ಬೇಡ ಎನ್ನಬಹುದಿತ್ತು. ಖಾಲಿ ಮಂಚವೇ ಇರಲಿ, ಬೀದಿಯವರೆಲ್ಲ ನೋಡಲಿ ಎನ್ನಬಹುದಿತ್ತು. ಯಾರಿಗಾಗಿ? ಹಿಡಿದುಕೊಂಡೆ. ಹಾಸಿಗೆ ಸುತ್ತಿದೆ. ಬಿಂದಿಗೆಯ ನೀರನ್ನು ಗಿಡಕ್ಕೆ ಹಾಕಿದೆ.

ಈಗ ಟಾರ್ಪಾಲು ಬಿಚ್ಚಿದ ಸದ್ದು. ಕಾರು ಸ್ಟಾರ್ಟ್ ಆಯಿತು. ಕೂಗುತ್ತಿದ್ದಾರೆ — "ಏನೇ, ಬಾ ಇಲ್ಲಿ. ಗೋಡೆಗೆ ತಗಲ್ತದಾ ನೋಡು."

ಇನ್ನೊಂದು ಸಲ ಕೂಗಲಿ.

ಕೂಗಿದರು. ಹೋಗಿ ಗೋಡೆ ಹತ್ತಿರ ನಿಲ್ಲುತ್ತೇನೆ, ಆ ತೇಪೆ ಕಾರಿನಡಿ ಹೋಗುವವರೆಗೆ.